ಜೆರ್ರಿ ತುವಾಯಿ

ಜೆರ್ರಿ ತುವಾಯಿ (ಜನನ: 23 ಮಾರ್ಚ್ 1989) ಅವರು ಫಿಜಿ ದೇಶದ ವೃತ್ತಿಪರ ರಗ್ಬಿ ಸೆವೆನ್ಸ್ ಆಟಗಾರರು. ಮೂಲ ಹೆಸರು ಸೆರೆಮೈಯಾ ತುವಾಯಿ. 2016ರ ರಿಯೊ ಡಿ ಜನೈರೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಫಿಜಿ ತಂಡದಲ್ಲಿ ಇವರು ಆಡಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿ ಅದೇ ಪದಕವನ್ನು ಮತ್ತೆ ತಂದರು. ಪುರುಷರ ರಗ್ಬಿ ಸೆವೆನ್ಸ್‌ನಲ್ಲಿ ಎರಡು ಒಲಿಂಪಿಕ್ ಚಿನ್ನ ಪಡೆದ ಆಟಗಾರ ಇವರೊಬ್ಬರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ದೊರೆತುದರಿಂದ ಮೂರು ಒಲಿಂಪಿಕ್ಸ್‌ಗಳಲ್ಲಿಯೂ ಪದಕ ಗೆದ್ದಂತಾಯಿತು. 2019ರಲ್ಲಿ ವಿಶ್ವ ರಗ್ಬಿ ಸಂಸ್ಥೆಯು ಇವರನ್ನು ವರ್ಷದ ಶ್ರೇಷ್ಠ ಸೆವೆನ್ಸ್ ಆಟಗಾರನೆಂದು ಗೌರವಿಸಿತು.

ಆಟದ ಪರಿಚಯ

ರಗ್ಬಿ ಸೆವೆನ್ಸ್ ಎಂಬುದು ಹದಿನೈದು ಮಂದಿ ಆಡುವ ರಗ್ಬಿ ಯೂನಿಯನ್ ಆಟದ ಚಿಕ್ಕ ರೂಪ. ಕಬಡ್ಡಿಯಲ್ಲಿರುವಂತೆ ಇಲ್ಲಿಯೂ ಅಂಕಣದಲ್ಲಿ ಒಂದು ಕಡೆಗೆ ಏಳು ಮಂದಿ ಇರುತ್ತಾರೆ. ಆದರೆ ಅಂಕಣದ ಅಳತೆ ಮಾತ್ರ ಹದಿನೈದು ಮಂದಿಯ ಆಟದ್ದೇ. ಉದ್ದ ಸುಮಾರು 100 ಮೀಟರ್, ಅಗಲ ಸುಮಾರು 70 ಮೀಟರ್. ಹೀಗಾಗಿ ಪ್ರತಿಯೊಬ್ಬ ಆಟಗಾರನ ಪಾಲಿಗೆ ಬರುವ ಜಾಗ ಎರಡು ಪಟ್ಟಿಗಿಂತ ಹೆಚ್ಚು. ಮೈಕಟ್ಟಿನ ಬಲಕ್ಕಿಂತ ಓಟ, ಚುರುಕು ಮತ್ತು ದಮ್ಮಿಗೆ ಇಲ್ಲಿ ಹೆಚ್ಚು ಬೆಲೆ.

ಒಂದು ಪಂದ್ಯದಲ್ಲಿ ತಲಾ ಏಳು ನಿಮಿಷಗಳ ಎರಡು ಅವಧಿಗಳಿದ್ದು, ನಡುವೆ ಎರಡು ನಿಮಿಷ ವಿರಾಮವಿರುತ್ತದೆ. ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’ ಎನಿಸಿ ಐದು ಅಂಕ ಸಿಗುತ್ತದೆ. ಅನಂತರ ಚೆಂಡನ್ನು ನೆಲಕ್ಕೆ ಪುಟಿಸಿ ಗೋಲುಕಂಬಗಳ ನಡುವೆ ಒದ್ದರೆ ಇನ್ನೆರಡು ಅಂಕ ಸೇರುತ್ತದೆ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ದಾಟಿಸಬೇಕು. ತಪ್ಪು ಮಾಡಿ ಹಳದಿ ಚೀಟಿ ಪಡೆದವನು ಎರಡು ನಿಮಿಷ ಹೊರಗೆ ಕುಳಿತುಕೊಳ್ಳಬೇಕು. ಹದಿನಾಲ್ಕು ನಿಮಿಷದ ಆಟದಲ್ಲಿ ಈ ಎರಡು ನಿಮಿಷ ಪಂದ್ಯದ ಗತಿಯನ್ನೇ ಬದಲಿಸಬಲ್ಲದು.

ಈ ಆಟ 1883ರಲ್ಲಿ ಸ್ಕಾಟ್ಲೆಂಡ್‌ನ ಮೆಲ್‌ರೋಸ್ ಎಂಬ ಪಟ್ಟಣದಲ್ಲಿ ಹುಟ್ಟಿತು. ಸ್ಥಳೀಯ ಕ್ಲಬ್ಬಿಗೆ ಹಣ ಕೂಡಿಸಲು ನೆಡ್ ಹೇಗ್ ಎಂಬ ಮಾಂಸದಂಗಡಿಯ ಕೆಲಸಗಾರ ಸೂಚಿಸಿದ ಉಪಾಯ ಅದಾಗಿತ್ತು. 1976ರಲ್ಲಿ ಹಾಂಗ್‌ಕಾಂಗ್ ಸೆವೆನ್ಸ್ ಪಂದ್ಯಾವಳಿ ಆರಂಭವಾದ ಮೇಲೆ ಏಷ್ಯಾ ಮತ್ತು ಪೆಸಿಫಿಕ್ ನಾಡುಗಳಲ್ಲಿ ಆಟ ಹಬ್ಬಿತು. 1993ರಲ್ಲಿ ವಿಶ್ವಕಪ್, 1999–2000ರಲ್ಲಿ ವಿಶ್ವ ಸರಣಿ ಮೊದಲಾದವು. 2009ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಸೆವೆನ್ಸ್ ಆಟವನ್ನು 2016ರಿಂದ ಒಲಿಂಪಿಕ್ಸ್‌ಗೆ ಸೇರಿಸಲು ನಿರ್ಧರಿಸಿತು. ಸೆವೆನ್ಸ್ ಆಟಗಾರನಾಗಿಯೇ ಜೀವನ ಸಾಗಿಸಬಹುದೆಂಬ ಭರವಸೆ ಹಲವು ದೇಶಗಳಲ್ಲಿ ಮೂಡಿದ್ದು ಈ ನಿರ್ಧಾರದಿಂದ.

ಫಿಜಿ ಮತ್ತು ಸೆವೆನ್ಸ್

ಫಿಜಿ ದಕ್ಷಿಣ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ. 2017ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 8,84,887. ಹೋಲಿಕೆಗೆ ನೋಡುವುದಾದರೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 9,90,923 ಇತ್ತು. ನಾಲ್ಕು ತಾಲ್ಲೂಕಿನ ಒಂದು ಜಿಲ್ಲೆಗಿಂತ ಕಡಿಮೆ ಜನರಿರುವ ದೇಶವೊಂದು ಈ ಆಟದಲ್ಲಿ ಜಗತ್ತನ್ನು ಗೆದ್ದಿದೆ.

ಭಾರತೀಯರಿಗೆ ಫಿಜಿ ಅಪರಿಚಿತ ನಾಡಲ್ಲ. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಕರಾರು ಕೂಲಿಗಳಾಗಿ ಅಲ್ಲಿನ ಕಬ್ಬಿನ ತೋಟಗಳಿಗೆ ಬ್ರಿಟಿಷರು ಸಾಗಿಸಿದ್ದರು. ಅವರ ಸಂತತಿ ಇಂದಿಗೂ ಅಲ್ಲಿದೆ. ರಗ್ಬಿಯು ಮುಖ್ಯವಾಗಿ ‘ಇತೌಕೆಯಿ’ ಎಂದು ಕರೆಯಲ್ಪಡುವ ಮೂಲನಿವಾಸಿ ಸಮುದಾಯದ ಹಳ್ಳಿಗಳಲ್ಲಿ ಬೆಳೆದ ಆಟವಾದರೂ ರಾಷ್ಟ್ರೀಯ ತಂಡ ಆಡುವ ದಿನ ಇಡೀ ದೇಶ ಒಂದಾಗಿ ನೋಡುತ್ತದೆ.

1977ರಲ್ಲಿ ಫಿಜಿ ಮೊದಲ ಬಾರಿಗೆ ಹಾಂಗ್‌ಕಾಂಗ್ ಸೆವೆನ್ಸ್ ಗೆದ್ದಿತು. ಮುಂದೆ ವಾಯಿಸಾಲೆ ಸೆರೆವಿ ಅವರ ಕಾಲದಲ್ಲಿ 1997 ಮತ್ತು 2005ರ ಸೆವೆನ್ಸ್ ವಿಶ್ವಕಪ್‌ಗಳು ಫಿಜಿಯ ಪಾಲಾದವು. 2005–06ರಲ್ಲಿ ವಿಶ್ವ ಸರಣಿಯೂ ಒಲಿಯಿತು. ಸೆರೆವಿ ಅವರ ನಂತರ ಬಂದ ತಲೆಮಾರಿನ ಮಕ್ಕಳೆಲ್ಲ ಅವರಂತೆಯೇ ಆಡಬೇಕೆಂದು ಬಯಲಿಗಿಳಿದವರು. ತುವಾಯಿ ಬೆಳೆದದ್ದು ಆ ವಾತಾವರಣದಲ್ಲಿ.

ಬಾಲ್ಯ

ತುವಾಯಿ ಅವರ ಬಾಲ್ಯ ಕಳೆದದ್ದು ರಾಜಧಾನಿ ಸೂವಾಕ್ಕೆ ಹೊಂದಿಕೊಂಡಿರುವ ನಸೀನು ಪಟ್ಟಣದ ನ್ಯೂಟೌನ್ ಎಂಬ ಬಡಾವಣೆಯಲ್ಲಿ. ಹೊರ ದ್ವೀಪಗಳಿಂದಲೂ ಹಳ್ಳಿಗಳಿಂದಲೂ ಕೆಲಸ ಅರಸಿ ಬಂದವರು ನೆಲೆನಿಂತ ಪ್ರದೇಶ ಸೂವಾ–ನಸೀನು ನಡುವಿನದು. ತುವಾಯಿ ಅವರ ಕುಟುಂಬ ವಾಸವಾಗಿದ್ದುದು ಒಂದೇ ಕೋಣೆಯ ತಗಡಿನ ಮನೆಯಲ್ಲಿ. ಆಟದ ಮೈದಾನವೆಂದು ಇದ್ದುದು ಮನೆಯ ಸಮೀಪದ ರಸ್ತೆವೃತ್ತದ ಹುಲ್ಲುಜಾಗ. ಚೆಂಡು ಕೊಳ್ಳಲು ಹಣವಿಲ್ಲದ ಕಾರಣ ಪ್ಲಾಸ್ಟಿಕ್ ಬಾಟಲಿಯನ್ನೇ ಚೆಂಡಾಗಿ ಮಾಡಿಕೊಂಡು ಹುಡುಗರು ಆಡುತ್ತಿದ್ದರು. ಇಕ್ಕಟ್ಟಾದ ಜಾಗದಲ್ಲಿ ಹಲವರ ನಡುವೆ ನುಸುಳಿ ಹೋಗುವ, ಹಿಡಿತಕ್ಕೆ ಸಿಕ್ಕುವ ಮೊದಲೇ ದಿಕ್ಕು ಬದಲಿಸುವ ಅವರ ಆಟದ ರೀತಿಗೆ ಈ ಬಾಲ್ಯದ ಅಭ್ಯಾಸವೇ ಬುನಾದಿ ಎಂದು ಹೇಳಲಾಗುತ್ತದೆ.

ರಾಷ್ಟ್ರೀಯ ತಂಡಕ್ಕೆ ಆಯ್ಕೆ

ಎತ್ತರದ ಆಟಗಾರರೇ ಹೆಚ್ಚಾಗಿರುವ ಫಿಜಿ ರಗ್ಬಿಯಲ್ಲಿ ತುವಾಯಿ ಗಿಡ್ಡ ಮೈಕಟ್ಟಿನವರು. ರಾಷ್ಟ್ರೀಯ ತಂಡದ ಬಾಗಿಲು ಅವರಿಗೆ ತಡವಾಗಿ ತೆರೆಯಿತು. 2014ರಲ್ಲಿ ಮೊದಲ ಬಾರಿಗೆ ಫಿಜಿ ಪರ ಆಡಿದಾಗ ಅವರಿಗೆ 25 ವರ್ಷ. ಹಲವು ಸೆವೆನ್ಸ್ ಆಟಗಾರರು ಇಪ್ಪತ್ತರ ಆಸುಪಾಸಿನಲ್ಲಿಯೇ ಅಂತಾರಾಷ್ಟ್ರೀಯ ಕಣಕ್ಕೆ ಇಳಿಯುವುದನ್ನು ಗಮನಿಸಿದರೆ ಇದು ವಿಳಂಬವೇ ಸರಿ.

ಅವರಿಗೆ ಅವಕಾಶ ನೀಡಿದವರು ಆಗಿನ ತರಬೇತುದಾರ, ಇಂಗ್ಲೆಂಡಿನ ಬೆನ್ ರಯಾನ್. ಇಂಗ್ಲೆಂಡ್ ಸೆವೆನ್ಸ್ ತಂಡದ ಹೊಣೆ ಹೊತ್ತಿದ್ದ ರಯಾನ್ 2013ರಲ್ಲಿ ಫಿಜಿಗೆ ಬಂದರು. ಆಗ ಫಿಜಿ ರಗ್ಬಿ ಸಂಸ್ಥೆಯ ಹಣಕಾಸು ಸ್ಥಿತಿ ತೀರ ಹದಗೆಟ್ಟಿದ್ದು, ಮೊದಲ ಕೆಲವು ತಿಂಗಳು ರಯಾನ್ ಅವರಿಗೆ ಸಂಬಳವೇ ದೊರೆಯಲಿಲ್ಲ. ದೇಹಬಲಕ್ಕಿಂತ ಸಾಮರ್ಥ್ಯ ಮತ್ತು ಶಿಸ್ತನ್ನು ನೋಡಿ ಆಟಗಾರರನ್ನು ಆರಿಸುವುದು, ಊಟ–ನಿದ್ರೆ–ವ್ಯಾಯಾಮಗಳನ್ನು ಕ್ರಮಕ್ಕೆ ತರುವುದು ಅವರ ಕಾರ್ಯವಿಧಾನವಾಗಿತ್ತು. ಒಸೇಯಾ ಕೊಲಿನಿಸಾವು ಅವರ ನಾಯಕತ್ವದಲ್ಲಿ ಫಿಜಿ ತಂಡ 2014–15ರ ವಿಶ್ವ ಸರಣಿಯನ್ನು ಗೆದ್ದಿತು. ಅದಕ್ಕೆ ಹಿಂದಿನ ನಾಲ್ಕು ಸರಣಿಗಳು ನ್ಯೂಜಿಲೆಂಡಿನ ವಶದಲ್ಲಿದ್ದವು. 2015–16ರ ಸರಣಿಯೂ ಫಿಜಿಗೇ ದೊರೆಯಿತು. ಈ ಎರಡು ವರ್ಷಗಳಲ್ಲಿ ತುವಾಯಿ ತಂಡದ ಆಟವನ್ನು ಹೆಣೆಯುವ ಪ್ರಮುಖ ಆಟಗಾರರಾಗಿ ರೂಪುಗೊಂಡರು.

ರಿಯೊ ಒಲಿಂಪಿಕ್ಸ್ (2016)

2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಎಂಬ ಭೀಕರ ಚಂಡಮಾರುತ ಫಿಜಿಯನ್ನು ಅಪ್ಪಳಿಸಿತು. 44 ಮಂದಿ ಸತ್ತರು. ಸಾವಿರಾರು ಮನೆಗಳು ನೆಲಸಮವಾದವು. ಒಲಿಂಪಿಕ್ಸ್‌ಗೆ ಆರು ತಿಂಗಳೂ ಉಳಿದಿರಲಿಲ್ಲ. ಅಲ್ಲಿಯವರೆಗೆ ಯಾವ ಒಲಿಂಪಿಕ್ಸ್‌ನಲ್ಲಿಯೂ ಒಂದು ಪದಕವನ್ನೂ ಕಾಣದಿದ್ದ ದೇಶದ ನಿರೀಕ್ಷೆಯೆಲ್ಲ ಹನ್ನೆರಡು ಮಂದಿಯ ಈ ತಂಡದ ಮೇಲೆ ನಿಂತಿತ್ತು.

ರಿಯೊದ ಕ್ವಾರ್ಟರ್‌ಫೈನಲ್‌ನಲ್ಲಿ ಫಿಜಿ ನ್ಯೂಜಿಲೆಂಡನ್ನು 12–7ರಿಂದ, ಸೆಮಿಫೈನಲ್‌ನಲ್ಲಿ ಜಪಾನನ್ನು 20–5ರಿಂದ ಸೋಲಿಸಿತು. ಆಗಸ್ಟ್ 11ರಂದು ನಡೆದ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ಎದುರಾಯಿತು. ವಿರಾಮದ ವೇಳೆಗೇ 29–0 ಮುನ್ನಡೆ ಪಡೆದ ಫಿಜಿ 43–7ರಿಂದ ಗೆದ್ದಿತು. ತುವಾಯಿ ಈ ಪಂದ್ಯದಲ್ಲಿ ಒಂದು ಟ್ರೈ ಗಳಿಸಿದರು. ಸುಮಾರು ಒಂದು ಶತಮಾನ ಕಾಲ ತಮ್ಮನ್ನು ಆಳಿದ ದೇಶದ ವಿರುದ್ಧವೇ ದೊರೆತ ಈ ಜಯ ಫಿಜಿಯ ಮೊದಲ ಒಲಿಂಪಿಕ್ ಪದಕವನ್ನು ತಂದಿತು. ಬ್ರಿಟನ್ನಿನ ರಾಜಕುಮಾರಿ ಆನ್ ಪದಕ ನೀಡುವಾಗ ಆಟಗಾರರು ಒಬ್ಬೊಬ್ಬರಾಗಿ ಮೊಣಕಾಲೂರಿ ಸ್ವೀಕರಿಸಿದರು.

ಸರ್ಕಾರ ಸಾರ್ವತ್ರಿಕ ರಜೆ ಘೋಷಿಸಿತು. ಆಟಗಾರರಿಗೆ ‘ಆರ್ಡರ್ ಆಫ್ ಫಿಜಿ’ ಗೌರವ ನೀಡಲಾಯಿತು. 2017ರಲ್ಲಿ ಏಳು ಮಂದಿಯ ಆಟದ ನೆನಪಿಗೆ ಏಳು ಡಾಲರಿನ ವಿಶೇಷ ನೋಟನ್ನು ಫಿಜಿ ಬಿಡುಗಡೆ ಮಾಡಿತು.

ಸೆವೆನ್ಸ್‌ನಲ್ಲಿಯೇ ಉಳಿದದ್ದು

ರಿಯೊ ವಿಜಯದ ನಂತರ ತಂಡ ಚದುರಿತು. ಲಿಯೋನೆ ನಕರಾವಾ, ಜೋಸುವಾ ತುಯಿಸೋವಾ, ವಿಲಿಯಾಮೆ ಮಾತಾ ಮುಂತಾದವರು ಫ್ರಾನ್ಸ್ ಮತ್ತು ಸ್ಕಾಟ್ಲೆಂಡಿನ ಹದಿನೈದು ಮಂದಿಯ ರಗ್ಬಿ ಕ್ಲಬ್ಬುಗಳಲ್ಲಿ ಹೆಸರು ಮಾಡಿದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹದಿನೈದು ಮಂದಿಯ ಆಟಕ್ಕೆ ಯುರೋಪಿನಲ್ಲಿ ವರ್ಷವಿಡೀ ನಡೆಯುವ ಲೀಗ್‌ಗಳಿವೆ, ಟಿಕೆಟ್ ಮತ್ತು ದೂರದರ್ಶನ ಪ್ರಸಾರದ ಆದಾಯವಿದೆ, ಆದ್ದರಿಂದ ಸಂಬಳವೂ ದೊಡ್ಡದು. ಸೆವೆನ್ಸ್‌ಗೆ ಅಂತಹ ಕ್ಲಬ್ ವ್ಯವಸ್ಥೆ ಇಲ್ಲ. ಆಟಗಾರ ಬಹುಮಟ್ಟಿಗೆ ತನ್ನ ದೇಶದ ರಗ್ಬಿ ಸಂಸ್ಥೆಯ ಒಪ್ಪಂದವನ್ನೇ ನಂಬಿಕೊಂಡಿರಬೇಕು. ಒಂದು ದೇಶಕ್ಕೆ ಬೇಕಾಗುವುದು ಇಪ್ಪತ್ತರ ಆಸುಪಾಸಿನ ಆಟಗಾರರು ಮಾತ್ರ. ಗಾಯವಾದರೆ, ಆಯ್ಕೆ ತಪ್ಪಿದರೆ ಅಥವಾ ಸಂಸ್ಥೆಯ ಬೊಕ್ಕಸ ಬರಿದಾದರೆ ಆದಾಯ ನಿಲ್ಲುತ್ತದೆ.

ಈ ವೃತ್ತಿ ಎಷ್ಟು ಅಭದ್ರವೆಂಬುದಕ್ಕೆ ಶ್ರೀಮಂತ ದೇಶದಲ್ಲಿಯೂ ಉದಾಹರಣೆ ಇದೆ. ಕೋವಿಡ್ ಕಾಲದ ನಷ್ಟದಿಂದಾಗಿ 2020ರಲ್ಲಿ ಇಂಗ್ಲೆಂಡಿನ ರಗ್ಬಿ ಸಂಸ್ಥೆ ತನ್ನ ಸೆವೆನ್ಸ್ ಆಟಗಾರರ ಒಪ್ಪಂದಗಳನ್ನು ನವೀಕರಿಸದೆ ಕಾರ್ಯಕ್ರಮವನ್ನೇ ನಿಲ್ಲಿಸಿತು. ರಿಯೊದಲ್ಲಿ ಬೆಳ್ಳಿ ಗೆದ್ದವರೂ ಇದರಿಂದ ಕೆಲಸ ಕಳೆದುಕೊಂಡರು.

ಇಂತಹ ಸ್ಥಿತಿಯಲ್ಲಿ ತುವಾಯಿ ತಮ್ಮ ವೃತ್ತಿಜೀವನದ ಬಹುಭಾಗವನ್ನು ಫಿಜಿ ಸೆವೆನ್ಸ್ ತಂಡಕ್ಕೇ ಮೀಸಲಿಟ್ಟರು. 2017ರಲ್ಲಿ ವೇಲ್ಸ್‌ನ ಗ್ಯಾರೆತ್ ಬೇಬರ್ ತರಬೇತುದಾರರಾಗಿ ಬಂದ ಮೇಲೆ ಹೊಸ ಹುಡುಗರ ತಂಡದಲ್ಲಿ ತುವಾಯಿ ಹಿರಿಯರಾದರು. 2018–19ರ ವಿಶ್ವ ಸರಣಿಯ ಹತ್ತು ಪಂದ್ಯಾವಳಿಗಳಲ್ಲಿ ಐದನ್ನು ಗೆದ್ದು ಫಿಜಿ ಮತ್ತೆ ಚಾಂಪಿಯನ್ ಆಯಿತು. ಆ ಸಾಲಿನ ಆಟಕ್ಕಾಗಿ ತುವಾಯಿ ಅವರಿಗೆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಸಂದಿತು. ಆಗ ಅವರಿಗೆ 30 ವರ್ಷ.

ಟೋಕಿಯೊ ಒಲಿಂಪಿಕ್ಸ್ (2021)

ಕೋವಿಡ್ ಕಾರಣದಿಂದ 2020ರ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. 2021ರಲ್ಲಿ ಫಿಜಿಯಲ್ಲಿ ಸೋಂಕು ವೇಗವಾಗಿ ಹರಡಿದಾಗ ತಂಡವನ್ನು ಹೊರಗಿನ ಸಂಪರ್ಕವಿಲ್ಲದೆ ಶಿಬಿರದಲ್ಲಿರಿಸಿ, ಬಳಿಕ ಆಸ್ಟ್ರೇಲಿಯಾಕ್ಕೆ ಕಳುಹಿಸಲಾಯಿತು. ಏಪ್ರಿಲ್‌ನಿಂದ ಪಂದ್ಯಗಳು ಮುಗಿಯುವವರೆಗೆ ಆಟಗಾರರು ಹೆಂಡತಿ ಮಕ್ಕಳ ಮುಖ ನೋಡಲಿಲ್ಲ. ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿದ್ದುದರಿಂದ, ಶೈತ್ಯೀಕರಿಸಿದ ಮೀನು ಹೊತ್ತ ಸರಕು ವಿಮಾನದಲ್ಲಿ ಅವರು ಟೋಕಿಯೊ ಸೇರಿದರು.

ರಿಯೊ ತಂಡದಿಂದ ಟೋಕಿಯೊಗೆ ಬಂದ ಆಟಗಾರ ತುವಾಯಿ ಒಬ್ಬರೇ. ನಾಯಕತ್ವದ ಹೊಣೆಯೂ ಅವರದಾಯಿತು. ಮೊದಲ ಪಂದ್ಯದಲ್ಲಿ ಆತಿಥೇಯ ಜಪಾನ್ ಕಠಿಣ ಪೈಪೋಟಿ ನೀಡಿತು. ಫಿಜಿ 24–19ರಿಂದ ಪಾರಾಯಿತು. ಬಳಿಕ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 19–0ರಿಂದ, ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾವನ್ನು 26–14ರಿಂದ ಮಣಿಸಿ, ಜುಲೈ 28ರ ಫೈನಲ್‌ನಲ್ಲಿ ನ್ಯೂಜಿಲೆಂಡನ್ನು 27–12ರಿಂದ ಸೋಲಿಸಿತು. ಪಂದ್ಯ ಮುಗಿದ ಮೇಲೆ ಆಟಗಾರರು ವೃತ್ತಾಕಾರವಾಗಿ ನಿಂತು ತಮ್ಮ ಭಾಷೆಯ ಭಕ್ತಿಗೀತೆ ಹಾಡಿದರು. ಪ್ರೇಕ್ಷಕರಿಗೆ ಪ್ರವೇಶವಿಲ್ಲದ ಖಾಲಿ ಕ್ರೀಡಾಂಗಣದಲ್ಲಿ ಆ ಹಾಡು ಸ್ಪಷ್ಟವಾಗಿ ಕೇಳಿಬಂದಿತು. ಮೂರು ದಿನಗಳ ನಂತರ ಫಿಜಿ ಮಹಿಳಾ ತಂಡ ಕಂಚು ಗೆದ್ದಿತು.

ಪ್ಯಾರಿಸ್ ಒಲಿಂಪಿಕ್ಸ್ (2024)

ಟೋಕಿಯೊ ನಂತರದ ವರ್ಷಗಳಲ್ಲಿ ತುವಾಯಿ ಕೆಲಕಾಲ ರಾಷ್ಟ್ರೀಯ ತಂಡದಿಂದ ಹೊರಗುಳಿದಿದ್ದರು. ವೇಗವೇ ಬಂಡವಾಳವಾದ ಈ ಆಟದಲ್ಲಿ ಮೂವತ್ತು ದಾಟಿದವರು ಹೊರಹೋದ ಮೇಲೆ ಮರಳುವುದು ಅಪರೂಪ. 2024ರಲ್ಲಿ ಹಿಂದಿನ ನಾಯಕ ಕೊಲಿನಿಸಾವು ಅವರೇ ತಂಡದ ತರಬೇತುದಾರರಾದರು. ಪ್ಯಾರಿಸ್‌ಗೆ ಹೊರಟ ತಂಡದಲ್ಲಿ 35 ವರ್ಷದ ತುವಾಯಿ ಸ್ಥಾನ ಪಡೆದರು.

ಫಿಜಿ ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡನ್ನು 19–15ರಿಂದ, ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 31–7ರಿಂದ ಸೋಲಿಸಿ ಮೂರನೆಯ ಬಾರಿ ಫೈನಲ್ ತಲುಪಿತು. ಜುಲೈ 27ರಂದು ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣದಲ್ಲಿ ಆತಿಥೇಯ ಫ್ರಾನ್ಸ್ ಎದುರು ವಿರಾಮದ ವೇಳೆಗೆ ಅಂಕ 7–7ರಲ್ಲಿ ಸಮವಾಗಿತ್ತು. ದ್ವಿತೀಯಾರ್ಧದಲ್ಲಿ ಕಣಕ್ಕಿಳಿದ ಆಂತ್ವಾನ್ ದ್ಯೂಪಾಂ ಪಂದ್ಯದ ದಿಕ್ಕು ಬದಲಿಸಿದರು. ಫ್ರಾನ್ಸ್ 28–7ರಿಂದ ಗೆದ್ದಿತು. ಒಲಿಂಪಿಕ್ಸ್‌ನಲ್ಲಿ ಸತತ 17 ಪಂದ್ಯ ಗೆದ್ದಿದ್ದ ಫಿಜಿಗೆ ಇದು ಮೊದಲ ಸೋಲು. ದ್ಯೂಪಾಂ ಹದಿನೈದು ಮಂದಿಯ ಆಟದ ತಾರೆಯಾಗಿದ್ದು, ಒಲಿಂಪಿಕ್ಸ್‌ಗಾಗಿ ಸೆವೆನ್ಸ್‌ಗೆ ಬಂದವರು. ಸೆವೆನ್ಸ್‌ನಲ್ಲಿಯೇ ಬಾಳಿದ ತುವಾಯಿ ಅವರ ಮೂರನೆಯ ಚಿನ್ನದ ಹಾದಿಗೆ ಅಡ್ಡವಾದುದು ಆ ಇನ್ನೊಂದು ಆಟದಿಂದ ಬಂದವರ ಬಲ.

ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಫಿಜಿ ಗಳಿಸಿದ ಒಲಿಂಪಿಕ್ ಪದಕಗಳು ನಾಲ್ಕು: ಎರಡು ಚಿನ್ನ, ಒಂದು ಬೆಳ್ಳಿ, ಒಂದು ಕಂಚು. ನಾಲ್ಕೂ ರಗ್ಬಿ ಸೆವೆನ್ಸ್‌ನಲ್ಲಿ ಬಂದವು. ಅವುಗಳಲ್ಲಿ ಮೂರು ಗೆದ್ದ ತಂಡಗಳಲ್ಲಿ ತುವಾಯಿ ಇದ್ದರು. ಮಹಿಳೆಯರ ವಿಭಾಗದಲ್ಲಿ ಇದಕ್ಕೆ ಸಮನಾದ ಸಾಧನೆ ಮಾಡಿದವರಲ್ಲಿ ನ್ಯೂಜಿಲೆಂಡಿನ ಪೋರ್ಷಿಯಾ ವುಡ್‌ಮನ್–ವಿಕ್ಲಿಫ್ ಒಬ್ಬರು. ಅವರು ರಿಯೊದಲ್ಲಿ ಬೆಳ್ಳಿಯನ್ನೂ ಟೋಕಿಯೊ ಮತ್ತು ಪ್ಯಾರಿಸ್‌ಗಳಲ್ಲಿ ಚಿನ್ನವನ್ನೂ ಗೆದ್ದರು.

ಆಟದ ಶೈಲಿ

ತುವಾಯಿ ಅವರ ಆಟದ ಮುಖ್ಯ ಲಕ್ಷಣಗಳು ಮೂರು. ಮೊದಲನೆಯದು ಪಾದಚಲನೆ. ಎದುರಾಳಿಯ ಹತ್ತಿರ ಓಡಿಬಂದು ಕೊನೆಯ ಕ್ಷಣದಲ್ಲಿ ಪಕ್ಕಕ್ಕೆ ಹೆಜ್ಜೆ ಹಾಕಿ ಅವನನ್ನು ತಪ್ಪಿಸುವುದು. ಕಬಡ್ಡಿಯ ದಾಳಿಗಾರ ಎದುರಾಳಿಯ ತೋಳಿಗೆ ಸಿಗದೆ ನುಣುಚಿಕೊಳ್ಳುವ ಕೌಶಲಕ್ಕೆ ಇದು ಹತ್ತಿರ. ಎರಡನೆಯದು ‘ಆಫ್‌ಲೋಡ್’, ಅಂದರೆ ಹಿಡಿತಕ್ಕೆ ಸಿಕ್ಕು ಬೀಳುತ್ತಿರುವಾಗಲೇ ಚೆಂಡನ್ನು ಸಂಗಡಿಗನಿಗೆ ದಾಟಿಸುವುದು. ಫಿಜಿ ಆಟಗಾರರೆಲ್ಲರಿಗೂ ಒಲಿದಿರುವ ವಿದ್ಯೆ ಇದು. ಹಿಡಿದ ಎದುರಾಳಿ ತಾನು ಗೆದ್ದೆನೆಂದು ಭಾವಿಸುವಷ್ಟರಲ್ಲಿ ಚೆಂಡು ಮತ್ತೊಬ್ಬನ ಕೈಯಲ್ಲಿರುತ್ತದೆ. ಮೂರನೆಯದು ಜಾಗವನ್ನು ಗುರುತಿಸುವ ದೃಷ್ಟಿ. ಎದುರಾಳಿಯ ರಕ್ಷಣಾ ಸಾಲಿನಲ್ಲಿ ಬಿರುಕು ಎಲ್ಲಿ ಮೂಡಲಿದೆ ಎಂಬುದನ್ನು ಮೊದಲೇ ಊಹಿಸಿ ಚೆಂಡನ್ನು ಅಲ್ಲಿಗೆ ಕಳುಹಿಸುವುದು. ವಯಸ್ಸಾದಂತೆ ಓಟ ಕುಗ್ಗಿದರೂ ಈ ದೃಷ್ಟಿ ಉಳಿಯುತ್ತದೆ. 35ನೆಯ ವಯಸ್ಸಿನಲ್ಲಿಯೂ ತಂಡದಲ್ಲಿ ಅವರಿಗೆ ಜಾಗ ದೊರೆತುದನ್ನು ಈ ಹಿನ್ನೆಲೆಯಲ್ಲಿ ನೋಡಬಹುದು.

ಭಾರತ ಮತ್ತು ಕರ್ನಾಟಕದಲ್ಲಿ ಸೆವೆನ್ಸ್

ಭಾರತದಲ್ಲಿ ರಗ್ಬಿಗೆ ದೀರ್ಘ ಇತಿಹಾಸವಿದೆ. 1872ರ ಕ್ರಿಸ್ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ಆಡಿದ ಪಂದ್ಯದ ಬಳಿಕ ಅಲ್ಲೊಂದು ಕ್ಲಬ್ ಹುಟ್ಟಿತು. ಅದು ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಲ್ಕತ್ತಾ ಕಪ್‌ಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತ ಬಂದಿವೆ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ರಗ್ಬಿ ಸೆವೆನ್ಸ್ ನಡೆದು ನ್ಯೂಜಿಲೆಂಡ್ ಚಿನ್ನ ಗೆದ್ದಿತು. ಫಿಜಿಯನ್ನು 2009ರಲ್ಲಿ ಕಾಮನ್‌ವೆಲ್ತ್‌ನಿಂದ ಅಮಾನತುಗೊಳಿಸಿದ್ದ ಕಾರಣ ಅದರ ತಂಡ ದೆಹಲಿಗೆ ಬರಲಿಲ್ಲ.

2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ಭಾರತದಲ್ಲಿ ಸೆವೆನ್ಸ್‌ಗೆ ವೃತ್ತಿಪರ ಸ್ವರೂಪ ನೀಡಿದ ಪ್ರಯತ್ನ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳಲ್ಲಿ ವಿದೇಶದ ಒಲಿಂಪಿಕ್ ಆಟಗಾರರು ಭಾರತೀಯರ ಜೊತೆ ಆಡಿದರು. ಚೆನ್ನೈ ಬುಲ್ಸ್ ಚಾಂಪಿಯನ್ ಆಯಿತು. ದೇಶದ ತಂಡದ ಒಪ್ಪಂದವನ್ನು ಬಿಟ್ಟರೆ ಬೇರೆ ಆಸರೆ ಇಲ್ಲದ ಸೆವೆನ್ಸ್ ಆಟಗಾರನಿಗೆ ಇಂತಹ ಲೀಗ್ ಇನ್ನೊಂದು ಆದಾಯದ ದಾರಿ. ಕಬಡ್ಡಿ, ಕೊಕ್ಕೊ ಆಡಿ ಬೆಳೆದ ಗ್ರಾಮೀಣ ಶಾಲೆಗಳ ಮಕ್ಕಳಲ್ಲಿ ಈ ಆಟಕ್ಕೆ ಬೇಕಾದ ಚುರುಕು, ಹಿಡಿತ ಮತ್ತು ಓಟ ಸಹಜವಾಗಿಯೇ ಇರುತ್ತವೆ. ಚೆಂಡಿಗೆ ಬದಲು ಬಾಟಲಿ ಹಿಡಿದು ಆಡಿದ ಹುಡುಗ ಎರಡು ಒಲಿಂಪಿಕ್ ಚಿನ್ನ ಗೆದ್ದ ವೃತ್ತಾಂತ ಅಂತಹ ಮಕ್ಕಳಿಗೆ ದೂರದ್ದಾಗಿ ಕಾಣಲಾರದು.

ಪ್ರಮುಖ ಸಾಧನೆಗಳು

ಒಲಿಂಪಿಕ್ ಚಿನ್ನ: ರಿಯೊ 2016, ಟೋಕಿಯೊ 2020 (ನಡೆದದ್ದು 2021ರಲ್ಲಿ, ನಾಯಕ)
ಒಲಿಂಪಿಕ್ ಬೆಳ್ಳಿ: ಪ್ಯಾರಿಸ್ 2024
ವಿಶ್ವ ಸೆವೆನ್ಸ್ ಸರಣಿ ವಿಜೇತ ತಂಡದ ಸದಸ್ಯ: 2014–15, 2015–16, 2018–19
ವರ್ಷದ ಶ್ರೇಷ್ಠ ಸೆವೆನ್ಸ್ ಆಟಗಾರ: 2019